ಲಾಮ್ನಾತುವಿನ ಬಲಗೈ

ಲಾಮ್ನಾತು ನನ್ನ ಸವತಿ. ಇಪ್ಪತ್ತೆರಡು ವರ್ಷ ಒಂದೇ ಅಂಗಳದಲ್ಲಿ, ಒಬ್ಬನೇ ಗಂಡನಿಗೆ ಸರದಿಯ ಮೇಲೆ ಅಡುಗೆ ಮಾಡಿಕೊಂಡು ಬದುಕಿದವರು ನಾವು. ಆದ್ದರಿಂದ ನಾನು ಅವಳ ಬಗ್ಗೆ ಒಂದು ಒಳ್ಳೆಯ ಮಾತು ಆಡಿದರೆ ಅದು ನಿಜವೇ ಇರಬೇಕೆಂದು ತಿಳಿಯಿರಿ. ಸುಮ್ಮಸುಮ್ಮನೆ ಹೊಗಳುವ ಬಾಯಿ ನನ್ನದಲ್ಲ.

ಮದುವೆಯಾದ ಮೂರನೇ ದಿನವೇ ಅವಳು ನನ್ನನ್ನು ಬೆಣ್ಣೆ ತೆಗೆಯುವ ಚಪ್ಪರಕ್ಕೆ ಎಳೆದುಕೊಂಡು ಹೋದಳು. ಹೆಂಗಸರೆಲ್ಲರ ಎದುರಿಗೆ ನನ್ನ ತೋಳು ಎತ್ತಿ ತೋರಿಸಿ, "ನೋಡ್ರೇ, ಸೋರೆಬಳ್ಳಿ ಥರ ಇದೆ. ಇದನ್ನ ಕಟ್ಕೊಂಡು ಬೆಣ್ಣೆ ತೆಗೀಬೇಕಂತೆ. ನಮ್ಮ ಗಂಡ ಇದ್ರಿಸುಗೆ ಕಣ್ಣು ಮಂಜಾಗಿದೆ" ಅಂದಳು. ಎಲ್ಲರೂ ನಕ್ಕರು. ಆ ನಗೆಯನ್ನು ನಾನು ಇನ್ನೂ ಮರೆತಿಲ್ಲ.

ಆದರೆ ಕೆಲಸ ಕಲಿಸಿದವಳೂ ಅವಳೇ. ನಮ್ಮದು ಹಾಲಿನ ಬೆಣ್ಣೆಯಲ್ಲ. ಶಿಯಾ ಮರದ ಬೀಜವನ್ನು ಕುಟ್ಟಿ, ಹುರಿದು, ಗಿರಣಿಯಲ್ಲಿ ಅರೆಸಿದರೆ ಕಪ್ಪನೆಯ ಮುದ್ದೆ ಬರುತ್ತದೆ. ಅದನ್ನು ದೊಡ್ಡ ಬೋಗುಣಿಗೆ ಹಾಕಿ, ನೀರು ಬೆರೆಸುತ್ತ, ಮೊಣಕೈವರೆಗೆ ತೋಳು ಇಳಿಸಿ ಕಡೆಯಬೇಕು. ಕಪ್ಪು ಕಂದಾಗಿ, ಕಂದು ಬೂದುಬಣ್ಣವಾಗಿ, ಆಮೇಲೆ ಒಮ್ಮೆಲೇ ಬೆಳ್ಳಗಾಗಿ ಉಬ್ಬುತ್ತದೆ. ನಡುವೆ ಬಿಸಿನೀರು ಬೇಡುವ ಗಳಿಗೆ ಒಂದು, ತಣ್ಣೀರು ಬೇಡುವ ಗಳಿಗೆ ಒಂದು. ಬಿಸಿ ಕೊಂಚ ಹೆಚ್ಚಾಯಿತೋ, ಜಿಡ್ಡು ಕರಗಿಹೋಗಿ ಮತ್ತೆ ಕೂಡುವುದೇ ಇಲ್ಲ. ಹೊತ್ತು ತಂದ ನೀರು, ಸೌದೆ, ಒಂದು ಚೀಲ ಬೀಜ, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ನಮ್ಮ ಚಪ್ಪರದಲ್ಲಿ ಹನ್ನೆರಡು ಬೋಗುಣಿ. ನೀರು ಕೂಗುವವಳು ಮಾತ್ರ ಒಬ್ಬಳು. ಅವಳು "ಬಿಸಿ!" ಅಂದರೆ ಹನ್ನೆರಡೂ ಬೋಗುಣಿಗೆ ಬಿಸಿ, "ತಣ್ಣೀರು!" ಅಂದರೆ ಹನ್ನೆರಡಕ್ಕೂ ತಣ್ಣೀರು. ಅವಳನ್ನು ಮಗಾಜಿಯಾ ಅನ್ನುತ್ತೇವೆ, ಹೆಂಗಸರ ಯಜಮಾನಿ. ಹದಿನೆಂಟು ವರ್ಷದಿಂದ ನೀರು ಕೂಗುತ್ತಿದ್ದವಳು ಲಾಮ್ನಾತು. ಅವಳ ಬಲಗೈ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಅದರಲ್ಲಿ ಕೊನೆಯ ಎರಡು ವರ್ಷ ಅವಳಿಗೊಂದು ಹೊಸ ಚಾಳಿ ಹತ್ತಿತ್ತು. ನೀರು ಕೂಗುವ ಮುಂಚೆ ನೆಟ್ಟಗೆ ನನ್ನ ಬೋಗುಣಿಯ ಬಳಿ ಬರುವುದು, "ಏನೇ, ಕೈ ಹಾಕಿ ಹೇಳು, ಹೇಗಿದೆ?" ಅನ್ನುವುದು. ನಾನು "ಬೆಚ್ಚಗಿದೆ" ಅಂತಲೋ "ಬೆರಳಿಗೆ ಹತ್ತುತ್ತಾ ಇದೆ" ಅಂತಲೋ ಹೇಳಬೇಕು. ಅವಳು ಹೂಂ ಅನ್ನದೆ ಉಹೂಂ ಅನ್ನದೆ ತಿರುಗಿ ಹೋಗಿ ಕೂಗುತ್ತಿದ್ದಳು. ಎಲ್ಲರೆದುರು ನನಗೆ ದಿನಾ ಪರೀಕ್ಷೆ! ಮೊಮ್ಮಗುವನ್ನು ಎತ್ತಿ ಆಡಿಸಿದವಳಿಗೆ!

ಕಳೆದ ವರ್ಷ ಧೂಳುಗಾಳಿಯ ದಿನಗಳಲ್ಲಿ ವುಂಪಿನಿ ಬಂದಳು. ನಮ್ಮವರ ಹುಡುಗಿಯೇ, ಯೆಂಡಿ ಊರಿನ ಕಡೆಯವಳು. ತಮಾಲೆ ಪಟ್ಟಣದಲ್ಲಿ ಎಂಜಿನಿಯರ್. ಬೆಣ್ಣೆ ಕಡೆಯುವ ಯಂತ್ರದ ಮೇಲೆ ನಾಲ್ಕು ವರ್ಷದಿಂದ ಸಂಶೋಧನೆ ಮಾಡುತ್ತಿದ್ದಳು.

"ಯಂತ್ರಕ್ಕೆ ತೋಳು ಕೊಟ್ಟಿದ್ದೀನಿ, ಬುದ್ಧಿ ಕೊಡೋಕಾಗಿಲ್ಲ," ಅಂದಳು. "ಯಾವ ಬಿಸಿಗೆ ನಿಮ್ಮ ಕೈ ನೀರು ಕೇಳುತ್ತೆ ಅನ್ನೋದು ನನಗೆ ಸಿಕ್ಕಿದ್ರೆ ಸಾಕು. ಮಗಾಜಿಯಾ ಅಮ್ಮನ ಬೆರಳಿಗೆ ತೆಳ್ಳನೆ ತಂತಿ ಕಟ್ತೀನಿ. ಅದರ ತುದಿಯ ಪೆಟ್ಟಿಗೆ ಬಿಸಿ ಎಷ್ಟಂತ ಬರ್ಕೊಳ್ಳುತ್ತೆ. ಮೂರು ಬೋಗುಣಿ ಸರಿಯಾಗಿ ಬಂದ್ರೆ ಯಂತ್ರ ಇಲ್ಲೇ ನಿಮ್ಮ ಚಪ್ಪರದಲ್ಲೇ ಉಳಿಯುತ್ತೆ. ಬರದಿದ್ರೆ ಬೇರೆ ಊರು ಹುಡುಕ್ಬೇಕು."

ನಮ್ಮಲ್ಲಿ ಅರ್ಧ ಜನಕ್ಕೆ ತಲೆವಸ್ತ್ರ ಕಟ್ಟಿಕೊಳ್ಳಲು ಕೈ ಮೇಲೇಳುವುದಿಲ್ಲ, ಭುಜ ಹಾಗೆ ಸವೆದಿದೆ. ಎಲ್ಲರೂ ಒಂದೇ ಬಾಯಲ್ಲಿ ಆಗಲಿ ಅಂದರು. ಲಾಮ್ನಾತು ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ದೊಡ್ಡಸ್ತಿಕೆ ಅಂದುಕೊಂಡೆ.

ಪರೀಕ್ಷೆಯ ದಿನ ಬೆಳಿಗ್ಗೆ ಅಡುಗೆಯ ಸರದಿ ನನ್ನದು. ಸಜ್ಜೆ ಗಂಜಿ ಕುದಿಯುತ್ತಿತ್ತು. ಲಾಮ್ನಾತು ಬಂದು, ಬಟ್ಟೆ ಹಿಡಿಯದೆ, ಬರಿಗೈಯಲ್ಲೇ ಕಬ್ಬಿಣದ ಮುಚ್ಚಳ ಎತ್ತಿ, ಎತ್ತಿಕೊಂಡೇ ನಿಂತು, ಒಳಗೆ ಇಣುಕಿದಳು. ಚರ್ಮ ಸೀಯುವ ವಾಸನೆ ನನ್ನ ಮೂಗಿಗೆ ಬಂತು.

"ಅಕ್ಕಾ, ಕೈ!" ಅಂದೆ.

ಅವಳು ಮೊದಲು ನನ್ನ ಮುಖ ನೋಡಿದಳು, ಆಮೇಲೆ ಕೈ ನೋಡಿಕೊಂಡಳು. ಆ ಮುಖದಲ್ಲಿ ನೋವೇ ಇರಲಿಲ್ಲ.

ಅವಳು ನನ್ನನ್ನು ತನ್ನ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಎಷ್ಟು ದಿನದಿಂದ?" ಅಂದೆ.

"ಎರಡು ಮಳೆಗಾಲ ಕಳೀತು. ಮೊದಲು ಪಾದ, ಆಮೇಲೆ ಬೆರಳ ತುದಿ. ಈಗ ಮಣಿಕಟ್ಟಿನವರೆಗೂ ಏನೂ ಗೊತ್ತಾಗಲ್ಲ."

"ಆಸ್ಪತ್ರೆಗೆ ಹೋಗೋಕೆ ಏನು ದಾಡಿ?"

"ಹೋಗಿ? ದೊಡ್ಡ ರೋಗ, ಕುಷ್ಠ ಅಂತ ಹೇಳಿಸ್ಕೊಂಡು ಬರ್ಲಾ? ನಮ್ಮ ಚಿಕ್ಕಮ್ಮನಿಗೆ ಹೀಗೇ ಕಣೇ ಶುರುವಾಗಿದ್ದು. ಊರಾಚೆ ಗುಡಿಸಲು ಹಾಕಿ ಕೂರಿಸಿದ್ರು. ಊಟ ಒಯ್ತಾ ಇದ್ದವಳು ನಾನೇ. ಕಲ್ಲಿನ ಮೇಲೆ ಇಟ್ಟು ಓಡಿ ಬರ್ತಿದ್ದೆ. ಅವಳು ಹೆಸರು ಹಿಡಿದು ಕರೆಯೋಳು. ಒಂದು ದಿನಾನೂ ತಿರುಗಿ ನೋಡ್ಲಿಲ್ಲ. ನಂಗೆ ಕಲ್ಲಿನ ಮೇಲೆ ಊಟ ಇಡೋದು ಯಾರು, ನೀನಾ?"

ಅಷ್ಟರಲ್ಲಿ ಇನ್ನೊಂದು ವಿಷಯ ತಲೆಗೆ ಹೊಳೆಯಿತು.

"ಅಂದ್ರೆ ದಿನಾ ನನ್ನ ಬೋಗುಣಿ ಹತ್ರ ಬಂದು 'ಕೈ ಹಾಕಿ ಹೇಳು' ಅಂತಿದ್ಯಲ್ಲ... ಎರಡು ವರ್ಷ ಕೈ ನಂದು, ಹೆಸರು ನಿಂದು!"

"ಹೌದು."

ಒಂದು ಸುಳ್ಳಾದರೂ ಹೇಳಬಾರದೇ? ಇಲ್ಲ, ನೇರವಾಗಿ ಹೌದು ಅಂದುಬಿಟ್ಟಳು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟೇ ಹೆಚ್ಚು ಬಂತು. ಚಪ್ಪರದ ನಡುವೆ ನಿಂತು ಒಂದು ಮಾತು ಹೇಳಿದ್ದರೆ ಅವಳ ಯಜಮಾನಿಕೆ ಅಲ್ಲಿಗೆ ಮುಗಿಯುತ್ತಿತ್ತು. ಯಜಮಾನಿಕೆಯಷ್ಟೇ ಅಲ್ಲ, ಅವಳೇ ಮುಗಿಯುತ್ತಿದ್ದಳು. ಅವಳಿಗೂ ಅದು ಗೊತ್ತಿತ್ತು. ಆದರೂ ಬೇಡಿಕೊಳ್ಳಲಿಲ್ಲ, ಹಠಮಾರಿ.

ಕೊನೆಗೆ ನಾನೇ, "ಪಕ್ಕದ ಬೋಗುಣಿಯಲ್ಲಿ ನಾನೂ ಕಡೀತೀನಿ. ಒಂದು ಸಲ ಕೆಮ್ಮಿದ್ರೆ ಬಿಸಿ, ಎರಡು ಸಲ ಕೆಮ್ಮಿದ್ರೆ ತಣ್ಣೀರು. ಇವತ್ತೊಂದು ದಿನ. ನಾಳೆ ನಿನ್ನ ಕೂದಲು ಹಿಡ್ಕೊಂಡಾದ್ರೂ ಆಸ್ಪತ್ರೆಗೆ ಎಳ್ಕೊಂಡು ಹೋಗ್ತೀನಿ" ಅಂದೆ.

ನಮ್ಮ ಲೆಕ್ಕಾಚಾರ ಚಪ್ಪರಕ್ಕೆ ಕಾಲಿಟ್ಟ ಕೂಡಲೇ ತಲೆಕೆಳಗಾಯಿತು. ವುಂಪಿನಿ ಲಾಮ್ನಾತುವಿನ ಬೆರಳಿಗೆ ತಂತಿ ಅಂಟಿಸಿ, ನಮ್ಮ ಕಡೆ ತಿರುಗಿ, "ಎಲ್ಲರೂ ಆ ಬೇವಿನ ಮರದ ಹತ್ರ ಹೋಗಿ. ಯಾರೂ ಹತ್ರ ಬರಬಾರದು, ಮಾತಾಡಬಾರದು. ಅಬಿಬಾ ಅಕ್ಕ, ನೀವೂನೂ" ಅಂತ ನನ್ನತ್ತ ಬೆರಳು ಮಾಡಿದಳು.

ಬೇವಿನ ಮರಕ್ಕೂ ಬೋಗುಣಿಗೂ ನಲವತ್ತು ಹೆಜ್ಜೆ. ಸಾಲದ್ದಕ್ಕೆ ಬೀಸುವ ಗಾಳಿ. ಅಷ್ಟು ದೂರದಿಂದ ಕೆಮ್ಮಿ ಏನು ಪ್ರಯೋಜನ?

ಮೊದಲ ಬೋಗುಣಿ ಶುರುವಾಯಿತು. ಲಾಮ್ನಾತು ಕಡೆಯುತ್ತ ಕಡೆಯುತ್ತ ಬಣ್ಣ ನೋಡುತ್ತಿದ್ದಳು, ತಲೆ ವಾರೆ ಮಾಡಿ ಮುದ್ದೆಯ ಸದ್ದು ಕೇಳುತ್ತಿದ್ದಳು. ಉಳಿದವರಿಗೆ ಅದು ಅನುಭವಸ್ಥೆಯ ಗತ್ತು. ನನಗೆ ಮಾತ್ರ ಅವಳು ಕತ್ತಲಲ್ಲಿ ತಡಕಾಡುತ್ತಿರುವುದು ಕಾಣುತ್ತಿತ್ತು. "ಬಿಸಿ!" ಅಂದಳು. ಸ್ವಲ್ಪ ಹೊತ್ತಿಗೆ "ತಣ್ಣೀರು!" ಅಂದಳು. ಬೆಳ್ಳಗೆ ಬಂತು. ಎರಡನೆಯದು ತಡವಾಯಿತು, ನೊರೆ ತೆಳ್ಳಗಿತ್ತು, ಆದರೂ ಬಂತು. ಅವಳ ಹಣೆಯಿಂದ ಬೆವರು ಬೋಗುಣಿಯೊಳಗೇ ತೊಟ್ಟಿಕ್ಕುತ್ತಿತ್ತು. ಅವಳು ಕೆಲಸದಲ್ಲಿ ಹಾಗೆ ಬೆವರಿದವಳಲ್ಲ.

ಮೂರನೆಯದು. ನೀರು ಕಾಯಿಸುವ ಕೆಲಸ ಜೈನಬುವಿನದು. ಅವಳ ಕೈ ಎಷ್ಟು ಚುರುಕೋ ನಾಲಿಗೆ ಅದಕ್ಕಿಂತ ಚುರುಕು. ಗಾಳಿಗೆ ಒಲೆ ಭುಗಿಲೆದ್ದಿತ್ತು. ತಣ್ಣೀರು ಬೆರೆಸುವುದನ್ನು ಮರೆತು ಬಕೆಟ್ಟನ್ನು ನೇರ ಒಲೆಯಿಂದ ತಂದು ಇಟ್ಟು ಮರದ ಕಡೆ ಓಡಿಬಂದಳು. ನೀರು ಸುರಿಯುವ ಮುಂಚೆ ಮಗಾಜಿಯಾ ಅದರಲ್ಲಿ ಕೈ ಅದ್ದಿ ನೋಡಬೇಕು. ಅದು ನಮ್ಮ ರೂಢಿ.

ಲಾಮ್ನಾತು ತಂತಿ ಕಟ್ಟಿದ ಕೈ ಅದ್ದಿದಳು. ಅದ್ದಿ, ತೆಗೆಯಲಿಲ್ಲ.

ಅವಳು ನನ್ನ ಕಡೆ ನೋಡುತ್ತಿದ್ದಳು. ನಾನು ಕೆಮ್ಮಿದೆ. ಎರಡು ಸಲ, ಮತ್ತೆರಡು ಸಲ. ಗಾಳಿ ಅದನ್ನು ಹೊತ್ತುಕೊಂಡು ಹೋಯಿತು. ವುಂಪಿನಿಯ ಕಣ್ಣು ಪೆಟ್ಟಿಗೆಯ ಮೇಲೆ ಇತ್ತು. ಅವಳು ಹುಬ್ಬು ಗಂಟಿಕ್ಕಿ ಪೆಟ್ಟಿಗೆಯನ್ನು ಬೆರಳಿಂದ ತಟ್ಟಿದಳು. ಅದು ಕೆಟ್ಟಿದೆ ಅಂದುಕೊಂಡಳೋ ಏನೋ. ಹಬೆ ಲಾಮ್ನಾತುವಿನ ಮೊಣಕೈವರೆಗೆ ಏರುತ್ತಿತ್ತು. ಅವಳು ಇನ್ನೂ ನನ್ನನ್ನೇ ನೋಡುತ್ತಿದ್ದಳು.

ನಾನು ಓಡಿದೆ. ಹೋಗಿ ಬಕೆಟ್ಟನ್ನು ಕಾಲಿಂದ ಒದ್ದು ಉರುಳಿಸಿದೆ.

ಆಮೇಲೆ ಏನು ಕೇಳುತ್ತೀರಿ! ಹೆಂಗಸರೆಲ್ಲ ನನ್ನ ಮೇಲೆ ಮುಗಿಬಿದ್ದರು.

"ಅಯ್ಯೋ ಪಾಪಿ, ಬೆಣ್ಣೆ ಬರೋ ಹೊತ್ತಿಗೆ ಮಡಕೆ ಒಡೆದ್ಯಲ್ಲೇ!" ಎಂದು ಜೈನಬು ಕಿರುಚಿದಳು. "ಸವತಿ ಹೊಟ್ಟೆಕಿಚ್ಚು ಕಣ್ರೇ! ಹೊರಗೆ ಹಾಕಿ ಇವಳನ್ನ. ಇನ್ನು ಈ ಚಪ್ಪರ ತುಳೀಬಾರದು."

"ಹೌದು, ಹಾಕಿ!" ಅಂದರು ನಾಲ್ಕು ಜನ. ವುಂಪಿನಿಯ ಮುಖ ಕೆಂಡವಾಗಿತ್ತು. ನಾನು ಬಾಯಿ ತೆರೆದರೆ ಲಾಮ್ನಾತುವಿನ ಕಥೆ ಮುಗಿಯಿತು, ತೆರೆಯದಿದ್ದರೆ ನನ್ನದು. ಬೋಗುಣಿಯ ಮುದ್ದೆ ಆರುತ್ತಿತ್ತು. ಯಾರೋ ನನ್ನ ರಟ್ಟೆ ಹಿಡಿದು ಎಳೆದರು. ನಾನು ನೆಲ ನೋಡಿಕೊಂಡು ಬಾಯಿ ಮುಚ್ಚಿಕೊಂಡೆ. ಯಾಕೆ ಅಂತ ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ.

"ಬಿಡಿ ಅವಳನ್ನ," ಅಂದಳು ಲಾಮ್ನಾತು.

ಬಲಗೈ ಮೇಲೆತ್ತಿದಳು. ತಂತಿಯ ಕೆಳಗೆ ಚರ್ಮ ಬೆಂದು ಸುಲಿದಿತ್ತು.

"ನೋಡಿ ಎಲ್ಲರೂ. ಇಷ್ಟಾದ್ರೂ ನಂಗೆ ನೋವೇ ಇಲ್ಲ. ಈ ಕೈ ಸತ್ತು ಎರಡು ವರ್ಷ ಆಯ್ತು. ಅವತ್ತಿಂದ ಈ ಚಪ್ಪರದಲ್ಲಿ ಬಂದ ಬೆಣ್ಣೆಯೆಲ್ಲ ಅಬಿಬಾಳ ಕೈದು. ಅವಳಿಗೂ ಇವತ್ತು ಬೆಳಿಗ್ಗೆವರೆಗೆ ಗೊತ್ತಿರ್ಲಿಲ್ಲ. ಮಗಳೇ ವುಂಪಿನಿ, ತಂತಿ ಬಿಚ್ಚಿ ಅವಳಿಗೆ ಕಟ್ಟು."

ಹೆಂಗಸರು ಒಬ್ಬೊಬ್ಬರೇ ಹಿಂದೆ ಸರಿದರು. ಜೈನಬು ಸೆರಗು ತೆಗೆದು ಮೂಗು ಬಾಯಿ ಮುಚ್ಚಿಕೊಂಡಳು. ನೋಡನೋಡುತ್ತಿದ್ದಂತೆ ಲಾಮ್ನಾತುವಿನ ಸುತ್ತ ಹತ್ತು ಹೆಜ್ಜೆ ನೆಲ ಖಾಲಿಯಾಯಿತು. ಹದಿನೆಂಟು ವರ್ಷ ಅವಳ ಮಾತಿಗೆ ನೀರು ಸುರಿದ ಹೆಂಗಸರು! ಅವಳು ಮಾತ್ರ ಎತ್ತಿದ ಕೈ ಕೆಳಗಿಳಿಸಿರಲಿಲ್ಲ.

ನನಗೆ ಅವಳನ್ನು ಕಂಡರೆ ಪ್ರೀತಿ ಎಂದು ನಾನು ಅಲ್ಲಿಯವರೆಗೆ ಅಂದುಕೊಂಡಿರಲಿಲ್ಲ. ಹೋಗಿ ಅವಳ ಕೈಯ ತಂತಿ ಬಿಡಿಸಿದೆ. ಸೋರೆಬುರುಡೆಯಲ್ಲಿ ತಣ್ಣೀರು ಮೊಗೆದು ಆ ಕೈಯ ಮೇಲೆ ಹುಯ್ದೆ, ಹುಯ್ಯುತ್ತಲೇ ಇದ್ದೆ. ಇನ್ನೊಮ್ಮೆ ಮೊಗೆದು ಕುಡಿಯಲು ಕೊಟ್ಟೆ. ಅವಳು ಅರ್ಧ ಕುಡಿದಳು. ಉಳಿದರ್ಧವನ್ನು ಅದೇ ಬುರುಡೆಯಿಂದ, ಜೈನಬುವಿನ ಮುಖ ನೋಡುತ್ತ, ನಾನು ಕುಡಿದೆ.

"ಮುದ್ದೆ ಆರ್ತಾ ಇದೆ," ಅಂದಳು ಲಾಮ್ನಾತು. "ನನ್ನ ಮುಖ ಏನು ನೋಡ್ತೀಯಾ? ಕೂತ್ಕೋ."

ವುಂಪಿನಿ ನನಗೆ ತಂತಿ ಕಟ್ಟಿದಳು. ಕಡೆದೆ. ಮುದ್ದೆ ಬೆರಳಿಗೆ ಬಿಗಿಯಿತು. "ಬಿಸಿ!" ಅಂದೆ. ಯಾರೂ ಅಲುಗಲಿಲ್ಲ.

"ಕಿವಿ ಕೇಳಿಸಲ್ವೇನ್ರೇ? ಬಿಸಿ ಅಂದ್ಳಲ್ಲ!" ಎಂದು ಲಾಮ್ನಾತು ಗದರಿದಳು. ಜೈನಬು ಮೂಗಿನ ಸೆರಗು ಬಿಟ್ಟು ಓಡಿಬಂದು ಸುರಿದಳು. ಈ ಸಲ ತಣ್ಣೀರು ಬೆರೆಸಿಯೇ ತಂದಿದ್ದಳು. ಬೆಣ್ಣೆ ಬಂತು.

"ಇದು ಸರಿಯಾಗಿದೆ," ಅಂದಳು ವುಂಪಿನಿ. "ಮೊದಲಿನ ಎರಡು ಲೆಕ್ಕಕ್ಕಿಲ್ಲ. ಇನ್ನೆರಡು ಬೋಗುಣಿ ಅಬಿಬಾ ಅಕ್ಕನ ಕೈಯಲ್ಲಿ, ಬರೋ ವಾರ." ಆಮೇಲೆ ಲಾಮ್ನಾತುವನ್ನು ಪಕ್ಕಕ್ಕೆ ಕರೆದು, ಪಾದ ಹೇಗಿದೆ, ಬಾಯಾರಿಕೆ ಹೆಚ್ಚೇ ಎಂದೆಲ್ಲ ಕೇಳಿ, "ನಮ್ಮಮ್ಮನಿಗೂ ಹೀಗೇ ಇತ್ತು. ಈಗಲೇ ಆಸ್ಪತ್ರೆಗೆ ಹೋಗೋಣ, ಗಾಡಿ ಹತ್ತಿ" ಅಂದಳು.

ಆಸ್ಪತ್ರೆಯಲ್ಲಿ ನರ್ಸ್ ಸುಟ್ಟ ಕೈಗೆ ಪಟ್ಟಿ ಕಟ್ಟಿ, ಎಡಗೈ ಬೆರಳಿಗೆ ಸೂಜಿ ಚುಚ್ಚಿದಳು. ಚುಚ್ಚಿಸಿಕೊಂಡವಳು ಸುಮ್ಮನಿದ್ದಳು, ಹಾ ಅಂದವಳು ನಾನು. ಡಾಕ್ಟರು ಚರ್ಮ, ನರ ಎಲ್ಲ ಒತ್ತಿ ನೋಡಿ ಹೇಳಿದರು: ಸಕ್ಕರೆ ಕಾಯಿಲೆ. ವರ್ಷಗಟ್ಟಲೆ ಬಿಟ್ಟಿದ್ದಕ್ಕೆ ನರಗಳು ಸತ್ತಿವೆ. ಸತ್ತದ್ದು ಪೂರ್ತಿ ಮರಳುವುದಿಲ್ಲ, ಉಳಿದದ್ದನ್ನು ಮಾತ್ರೆ ಕಾಯುತ್ತದೆ.

"ದೊಡ್ಡ ರೋಗ ಅಲ್ವಾ?" ಅಂದಳು ಲಾಮ್ನಾತು.

"ಅಲ್ಲಮ್ಮ. ಆಗಿದ್ರೂ ಹೆದರೋದೇನಿತ್ತು? ಅದಕ್ಕೂ ಮಾತ್ರೆ ಇದೆ. ಮಾತ್ರೆ ತಗೊಂಡು ಮನೇಲೇ ಎಲ್ಲರ ಜೊತೆ ಇರಬಹುದು," ಅಂದರು ಡಾಕ್ಟರು.

ಅವಳು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ತನಗಾಗಿ ಅಳುತ್ತಿದ್ದಾಳೆ ಅಂದುಕೊಂಡೆ. "ಒಂದು ಸಲ ತಿರುಗಿ ನೋಡಬಹುದಿತ್ತು ಕಣೇ ಚಿಕ್ಕಮ್ಮನ್ನ, ಒಂದೇ ಸಲ," ಅಂದಳು.

ಈಗ ಯಂತ್ರ ನಮ್ಮ ಚಪ್ಪರದಲ್ಲೇ ಇದೆ. ನನ್ನ ಕೈಯ ಬಿಸಿ ಅದರ ಹೊಟ್ಟೆಯಲ್ಲಿದೆ ಎಂದು ವುಂಪಿನಿ ಹೇಳುತ್ತಾಳೆ. ನೀರು ಬೇಕಾದಾಗ ಅದು ಕೀಕ್ ಎಂದು ಕೂಗುತ್ತದೆ, ತಪ್ಪುವುದಿಲ್ಲ. ಜೈನಬು ಕೂಡ ಅದನ್ನು ಮಗಾಜಿಯಾ ಎಂದೇ ಕರೆದು ನಗುತ್ತಾಳೆ. ಲಾಮ್ನಾತು ಮಾತ್ರ ಅದು ಕೂಗಿದರೂ ಯಾರಿಗೂ ನೀರು ಮುಟ್ಟಲು ಬಿಡುವುದಿಲ್ಲ. ನೆಟ್ಟಗೆ ನನ್ನ ಬಳಿ ಬರುತ್ತಾಳೆ.

"ಪೆಟ್ಟಿಗೆ ಹೇಳಿದ್ದು ಕೇಳಿಸ್ತು," ಅನ್ನುತ್ತಾಳೆ. "ನೀನು ಕೈ ಹಾಕಿ ಹೇಳು."