ಮುಂದಿನ ಬೆಂಚಿನಲ್ಲಿದ್ದ ಗೈರುಹಾಜರು

ನಮ್ಮ ಚಿಕ್ಕಮ್ಮ ಟೈಲರ್. ಮೂವತ್ತು ವರ್ಷದಿಂದ ಒಂದೇ ಕೋಣೆ, ಒಂದೇ ಮಿಷನ್ನು, ಒಂದೇ ಕಿಟಕಿ. ಹೊಲಿಯುವುದು ಹೆಚ್ಚಾಗಿ ವಕೀಲರ ಕರಿ ಕೋಟು. ಕರಿ ಬಟ್ಟೆಯ ಮೇಲೆ ಕರಿ ದಾರ ಓಡಿಸಲು ಹಗಲ ಬೆಳಕೇ ಬೇಕು. ಬಲ್ಬಿನಡಿ ಕೂತರೆ ಹೊಲಿಗೆಯೂ ಸೊಟ್ಟ, ಕಣ್ಣಿಗೂ ಕೇಡು. ಆ ಕಿಟಕಿಯಿಂದ ಒಂದೇ ಮೊಳ ದೂರದಲ್ಲಿ ಐದಂತಸ್ತು ಎಬ್ಬಿಸಲು ಪಕ್ಕದ ಸೈಟಿನ ಬಿಲ್ಡರ್‌ಗೆ ಪರವಾನಗಿ ಸಿಕ್ಕಿತು. ಆ ಪರವಾನಗಿಯ ವಿರುದ್ಧ ಚಿಕ್ಕಮ್ಮ ನಗರ ಯೋಜನೆಯ ನ್ಯಾಯಮಂಡಳಿಗೆ ಅರ್ಜಿ ಹಾಕಿದಳು.

"ಒಬ್ಬ ವಕೀಲರನ್ನ ಇಟ್ಕೋ ಚಿಕ್ಕಮ್ಮ," ಎಂದೆ.

"ಅವರ ಕೋಟಿನೊಳಗೆ ಏನಿದೆ ಅಂತ ನನಗೆ ಗೊತ್ತಿಲ್ವೇನೇ? ಬರೀ ಕ್ಯಾನ್ವಾಸು, ಕೋಟು ಸೆಟೆದು ನಿಲ್ಲೋಕೆ. ನನ್ನ ಕಿಟಕಿ ಬಗ್ಗೆ ನಾನೇ ಮಾತಾಡ್ತೀನಿ."

ವಿಚಾರಣೆಯ ದಿನ ಒಬ್ಬಳೇ ಒಂಬತ್ತಕ್ಕೇ ಹೋಗಿ ಮುಂದಿನ ಬೆಂಚಿನಲ್ಲಿ ಕೂತಳು. ಬಿಲ್ಡರ್ ಕಡೆಯ ವಕೀಲನ ಕೋಟಿನ ತೋಳು ಹೊಲಿಗೆ ಬಿಟ್ಟಿತ್ತು. ನೋಡಿ ಸುಮ್ಮನಿರುವ ಜೀವವೇ ಅದು? ಚೀಲದಿಂದ ಸೂಜಿ ತೆಗೆದು ಅಲ್ಲೇ ನಾಲ್ಕು ಹೊಲಿಗೆ ಹಾಕಿಕೊಟ್ಟಳು. ಕಿಟಕಿಯ ಕೇಸಿಗೆ ಬಂದವಳು ತಾನೇ ಎಂದೂ ಹೇಳಿದಳಂತೆ.

ಆಮೇಲೆ ಗುಮಾಸ್ತ "ಮೇಲ್ಮನವಿದಾರರು ಇದ್ದಾರಾ?" ಎಂದು ಮೂರು ಸಲ ಕೂಗಿದ. ಚಿಕ್ಕಮ್ಮನೂ ಹಿಂದೆ ತಿರುಗಿ ನೋಡಿದಳಂತೆ, ಯಾರಪ್ಪಾ ಅದು, ಪಾಪ, ಇನ್ನೂ ಬಂದಿಲ್ಲವಲ್ಲ ಅಂತ! ಗೈರುಹಾಜರು ಎಂದು ಬರೆದು ಅರ್ಜಿ ವಜಾ ಮಾಡಿದರು. ಹೊಲಿಸಿಕೊಂಡ ಮಹಾನುಭಾವ ಕಮಕ್ ಕಿಮಕ್ ಅನ್ನಲಿಲ್ಲ.

ಆ ವಾರವೇ ಗೋಡೆ ಏಳತೊಡಗಿತು. ಮನೆಯವರೆಲ್ಲ ಹಣೆಬರಹ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಚಿಕ್ಕಮ್ಮ ಇನ್ನೊಂದು ಅರ್ಜಿ ಬರೆದಳು, ಒಂದೇ ಸಾಲಿನದು: 'ನಾನು ಅಲ್ಲೇ ಇದ್ದೆ.'

ಈ ಸಲ ನಾನೂ ಜೊತೆಗೆ ಹೋದೆ. ಮಂಡಳಿಯ ಅಧ್ಯಕ್ಷೆ ಕನ್ನಡಕದ ಮೇಲಿಂದ ನೋಡಿ, "ಕರೆದಾಗ ಯಾಕಮ್ಮಾ ಏಳಲಿಲ್ಲ?" ಎಂದರು.

"ಹುಟ್ಟಿದಾಗಿಂದ ಯಾರೂ ನನ್ನನ್ನ ಹಾಗೆ ಕರೆದಿಲ್ಲ ಮೇಡಂ. ಹೆಸರು ಕೂಗಿದ್ರೆ ಏಳ್ತಿದ್ದೆ."

"ಕಾನೂನಿನ ಪದ ತಿಳ್ಕೊಂಡು ಬರೋದು ಅವರ ಜವಾಬ್ದಾರಿ," ಎಂದ ವಕೀಲ.

"ತಿಳ್ಕೊಳ್ಳೋಣ ಬಿಡಿ," ಎಂದಳು ಚಿಕ್ಕಮ್ಮ. "ಆದ್ರೆ ನೀವು ಅವತ್ತು ತೋಳು ಹೊಲಿಸ್ಕೊಂಡಿದ್ದು ಯಾರ ಕೈಲಿ ಸ್ವಾಮೀ? ಗೈರುಹಾಜರಾದವಳ ಕೈಲಾ?"

ಹಿಂದಿನ ಬೆಂಚುಗಳು ಗೊಳ್ಳೆಂದವು. ವಕೀಲ ಇಂಗು ತಿಂದ ಮಂಗನಂತೆ ನಿಂತ. ಅಧ್ಯಕ್ಷೆ ನಗಲಿಲ್ಲ, ಗುಮಾಸ್ತನನ್ನು ಕೇಳಿದರು. ಅವನೂ ತಲೆ ಕೆರೆದುಕೊಂಡು, ಇವರು ಬೆಳಗಿಂದ ಅಲ್ಲೇ ಕೂತಿದ್ದರು ಎಂದ.

"ವಜಾ ಆದೇಶ ರದ್ದು. ತೀರ್ಪಿನವರೆಗೆ ಗೋಡೆ ಕೆಲಸ ನಿಲ್ಲಲಿ. ಎರಡು ವಾರ ಬಿಟ್ಟು ಬನ್ನಿ," ಎಂದರು ಅಧ್ಯಕ್ಷೆ.

ಬದುಕಿದೆವು ಎಂದು ನಾನು ಚೀಲ ಎತ್ತಿಕೊಂಡೆ. ಚಿಕ್ಕಮ್ಮ ಜಪ್ಪಯ್ಯ ಎಂದರೂ ಕದಲಲಿಲ್ಲ.

"ಎರಡು ವಾರ ಯಾಕೆ ಮೇಡಂ? ಅವರೂ ಇದ್ದಾರೆ, ನೀವೂ ಇದ್ದೀರಿ. ಈಗಲೇ ಕೇಳಿ."

"ಹತ್ತು ನಿಮಿಷಾನೂ ಇಲ್ಲಮ್ಮ."

"ಒಂದು ನಿಮಿಷ ಸಾಕು." ಪರವಾನಗಿಗೆಂದು ಬಿಲ್ಡರ್ ಕೊಟ್ಟಿದ್ದ ನಕ್ಷೆಯ ಪ್ರತಿಯನ್ನು ಮೇಜಿನ ಮೇಲೆ ಹರಡಿ, ನಮ್ಮ ಮನೆಯ ಪಕ್ಕದ ಗೋಡೆಯ ಮೇಲೆ ಬೆರಳಿಟ್ಟಳು. "ಇಲ್ಲಿ ನನ್ನ ಕಿಟಕಿ ಎಲ್ಲಿದೆ, ತೋರಿಸಿ."

ಅಧ್ಯಕ್ಷೆ ಬಗ್ಗಿ ನೋಡಿದರು. ನಾನೂ ನೋಡಿದೆ. ಅಲ್ಲಿ ಬರೀ ಗೋಡೆಯಿತ್ತು, ಕಿಟಕಿಯನ್ನೇ ಬರೆದಿರಲಿಲ್ಲ. ಅಧ್ಯಕ್ಷೆ ವಕೀಲನ ಕಡೆ ತಿರುಗಿದರು. ಅವನು ಫೈಲು ಮಗುಚತೊಡಗಿದ.

ಅವರು ಪೆನ್ನು ತೆಗೆದರು. "ಕೂತ್ಕೊಂಡು ಹೇಳಮ್ಮ."

"ಕೂತಿದ್ದು ಸಾಕು," ಎಂದಳು ಚಿಕ್ಕಮ್ಮ. "ನಿಂತೇ ಹೇಳ್ತೀನಿ, ಬರ್ಕೊಳ್ಳಿ."