ತಿರುವಿನಲ್ಲೊಂದು ಕೂಗು

ನನಗೆ ಸುಮ್ಮನಿರಲು ಬರುವುದಿಲ್ಲ. ಬಸ್ಸಿಗೆ ಕಾಯುವಾಗಲೂ ಬ್ಯಾಗಿನ ಜಿಪ್ಪು ಎಳೆಯುತ್ತಿರುತ್ತೇನೆ, ಅನ್ನಕ್ಕಿಟ್ಟರೆ ಕುಕ್ಕರಿಗೆ ಬೈಯುತ್ತಿರುತ್ತೇನೆ. ಇಂಥವಳು ಭಾನುವಾರ ಬೆಳಿಗ್ಗೆ ಮನೆಯವರನ್ನೆಲ್ಲ ಎಬ್ಬಿಸಿಕೊಂಡು ಹಕ್ಕಿ ನೋಡಲು ಹೊರಡುತ್ತಾಳೆ ಅಂದರೆ ಶನಿವಾರಸಂತೆಯ ನನ್ನ ತವರಿನಲ್ಲಿ ಈಗಲೂ ನಗುತ್ತಾರೆ. ನಗಲಿ.

ನನ್ನ ಗಂಡ ಕಾಫಿ ಎಸ್ಟೇಟಿನಲ್ಲಿ ರೈಟರು. ಆಳುಗಳ ಹಾಜರಿ, ಪಿಕಿಂಗ್ ಲೆಕ್ಕ ಎಲ್ಲ ಅವರದೇ. ಎಸ್ಟೇಟಿನೊಳಗೇ ನಮಗೆ ಕ್ವಾರ್ಟರ್ಸು. ಬಾಗಿಲು ತೆರೆದರೆ ಮರ, ಅದರಾಚೆ ಕಾಡು. ಆದರೆ ಒಂದು ವರ್ಷ ಹಿತ್ತಲಿನ ಹಲಸಿಗೆ ಆನೆ ಬಂದದ್ದೇ ನೆಪ, ಮಗಳು ಹೊರಗೆ ಕಾಲಿಡುವುದನ್ನೇ ಬಿಟ್ಟಳು. ಸ್ಕೂಲ್ ವ್ಯಾನಿನಿಂದ ಇಳಿದವಳು ಓಡಿ ಒಳಗೆ. ರಜೆಯಿಡೀ ಕಿಟಕಿಯ ಸರಳು ಹಿಡಿದು ನಿಂತಿರುತ್ತಿದ್ದಳು. ಇಷ್ಟೆಲ್ಲ ಮನೆಯೆದುರಿಗೇ ಇರುವಾಗ ನನ್ನ ಮಗು ಅದನ್ನು ಸರಳಿನ ಸಂದಿಯಿಂದ ನೋಡುವುದೇ? ನನಗೆ ಅವಳ ಮೇಲಲ್ಲ, ಆ ಕಿಟಕಿಯ ಮೇಲೇ ಸಿಟ್ಟು ಬರುತ್ತಿತ್ತು.

ಹಾಗೆ ಶುರುವಾಯಿತು ಭಾನುವಾರದ ನಡಿಗೆ. ಬಿಸಿಲು ಬಿದ್ದ ಮೇಲೇ ಹೊರಡುವುದು. ಆನೆ ಎಲ್ಲಿದೆ ಎಂದು ಊರವರ ವಾಟ್ಸಾಪ್ ಗುಂಪಿನಲ್ಲಿ ನೋಡಿಕೊಂಡೇ ಹೊರಡುವುದು. ಮತ್ತೆ, ದಾರಿ ತಿರುಗುವಲ್ಲೆಲ್ಲ ಒಂದು ಕೂಗು ಹಾಕುವುದು. ಇದು ನಮ್ಮ ಕಡೆ ಎಲ್ಲರೂ ಮಾಡುವುದೇ. ಆಳುಗಳ ಲೈನ್‌ಮನೆಯ ಹೆಂಗಸರು ತೋಟಕ್ಕೆ ಇಳಿಯುವಾಗ ಜೋರಾಗಿ ಮಾತಾಡಿಕೊಂಡೇ ಇಳಿಯುತ್ತಾರೆ, ಗಂಡಸರು ಕೆಮ್ಮುತ್ತಾರೆ. ನಾವು ಬರುತ್ತಿದ್ದೇವೆ ಎಂದು ಆನೆಗೆ ಗೊತ್ತಾದರೆ ಅದೂ ಸರಿದುಕೊಳ್ಳುತ್ತದೆ, ಎದುರಾಬದುರಾಗುವ ಗಂಡಾಂತರ ತಪ್ಪುತ್ತದೆ. ನಮ್ಮಲ್ಲಿ ಕೂಗುವ ಕೆಲಸ ನನ್ನದು. ‘ಹೋಯ್’ ಎಂದು ನಾನೊಮ್ಮೆ ಎಳೆದರೆ ಕೆಳಗಿನ ತೋಟದ ನಾಯಿ ಬೊಗಳುತ್ತಿತ್ತು. ಮೊದಮೊದಲು ಮಗಳು ನನ್ನ ಸೆರಗು ಬಿಡುತ್ತಿರಲಿಲ್ಲ. ನಾನು ಕೂಗಿದ ಮೇಲೇ ಅವಳ ಮುಂದಿನ ಹೆಜ್ಜೆ.

ಮಕ್ಕಳು ಬೆಳೆಯುತ್ತಾರಲ್ಲ. ಅವಳ ಸೋದರಮಾವ ಒಂದು ದುರ್ಬೀನು ಕೊಡಿಸಿದ. ಆಮೇಲೆ ಅವಳು ಮುಂದೆ, ನಾವು ಹಿಂದೆ. ಗುಬ್ಬಚ್ಚಿ, ಗಿಳಿ ಬಿಟ್ಟರೆ ಬೇರೆ ಹೆಸರು ಗೊತ್ತಿಲ್ಲದ ನನಗೆ, ‘ಅಮ್ಮ, ಅದು ಮರಕುಟಿಗ, ಬಾಲ ಹೆಂಗೆ ಊರಿದೆ ನೋಡು’ ಎಂದು ತೋರಿಸುವಳು. ನೋಡೋಣವೆಂದು ನಾನು ಕತ್ತೆತ್ತುವಾಗ ಕಾಲಿಗೆ ಒಣಗಿದ ಕಡ್ಡಿ ಸಿಕ್ಕಿ ಪಟ್ ಎನ್ನುತ್ತಿತ್ತು, ಹಕ್ಕಿ ಹಾರಿಹೋಗುತ್ತಿತ್ತು. ಅವಳು ತಿರುಗಿ ನನ್ನನ್ನು ನೋಡುವ ನೋಟ ನನಗೆ ಹಿಡಿಸುತ್ತಿರಲಿಲ್ಲ.

ಈ ವರ್ಷ ಕಾಫಿ ಹೂ ಉದುರಿದ ಮೇಲೆ ಅವಳು ನಂದಿ ಮರದ ಪೊಟರೆಯೊಂದರಲ್ಲಿ ಮಂಗಟ್ಟೆ ಹಕ್ಕಿಯ ಗೂಡು ಪತ್ತೆ ಮಾಡಿದಳು. ಹೆಣ್ಣು ಒಳಗೆ ಕೂತು ಪೊಟರೆಯ ಬಾಯನ್ನು ಹಿಕ್ಕೆ, ಮಣ್ಣಿನಿಂದ ಮೆತ್ತಿ ಮುಚ್ಚಿಕೊಂಡುಬಿಡುತ್ತದಂತೆ. ಉಳಿದ ಸಣ್ಣ ಸೀಳಿನಿಂದ ಗಂಡು ಹಣ್ಣು ತಂದು ತಿನ್ನಿಸಬೇಕಂತೆ. ಅದನ್ನು ಕಣ್ಣಾರೆ ನೋಡಬೇಕೆಂದು ಮೂರು ಭಾನುವಾರ ಹೋದೆವು. ಪ್ರತಿ ಸಲವೂ ಮರದ ಹಿಂದಿನ ತಿರುವಿನಲ್ಲಿ ನಾನು ಕೂಗಿದೆ, ಗಂಡು ಬರಲಿಲ್ಲ.

‘ನೀನ್ ಬಂದ್ರೆ ಏನೂ ಕಾಣಲ್ಲಮ್ಮ. ಮುಂದಿನ್ ವಾರ ನಾನು ಅಪ್ಪ ಇಬ್ರೇ ಹೋಗ್ತೀವಿ’ ಎಂದಳು.

ನನಗೆ ಅಳು ಬಂತು, ಅದಕ್ಕೇ ಬೈದೆ. ‘ನಿನ್ನ ಆ ಕಿಟಕಿಯಿಂದ ಕಿತ್ಕೊಂಡ್ ಬಂದೋಳು ನಾನು, ಈಗ ನಾನೇ ಬ್ಯಾಡ್ವಾ?’ ಗಂಡನ ಕಡೆ ನೋಡಿದರೆ ಎಮ್ಮೆ ಮೇಲೆ ಮಳೆ ಸುರಿದ ಹಾಗೆ ಕಾಫಿ ಕುಡಿಯುತ್ತಿದ್ದರು. ಕೊನೆಗೆ ನಾನೇ ಸೋತೆ. ‘ಬರ್ತೀನಿ. ಬಾಯಿ ಬಿಡಲ್ಲ’ ಎಂದೆ.

ಆ ಭಾನುವಾರ ವಾಟ್ಸಾಪ್ ಗುಂಪಿನಲ್ಲಿ ಆನೆಯ ಸುದ್ದಿ ಇರಲಿಲ್ಲ. ಒಂದೊಂದು ತಿರುವಿನಲ್ಲೂ ಕೂಗು ಗಂಟಲಿಗೆ ಬಂದು ನಿಂತಿತು, ನುಂಗಿದೆ. ನಂದಿ ಮರದ ಎದುರು ಕಾಫಿ ಗಿಡಗಳ ಮರೆಯಲ್ಲಿ ಕೂತೆವು. ಕಾಲು ಜುಮುಗುಟ್ಟಿತು, ಕುತ್ತಿಗೆಗೆ ಸೊಳ್ಳೆ ಕಚ್ಚಿತು, ಬೆರಳು ಸೆರಗನ್ನು ಸುತ್ತಿ ಸುತ್ತಿ ಬಿಚ್ಚಿತು. ಆಗ ಗಂಡು ಬಂತು. ಪೊಟರೆಗೆ ಆತುಕೊಂಡು ಗಂಟಲಿನಿಂದ ಒಂದೊಂದೇ ಹಣ್ಣು ತೆಗೆದು ಸೀಳಿನೊಳಗೆ ಕೊಟ್ಟಿತು. ಒಳಗಿನಿಂದ ಕೊಕ್ಕಿನ ತುದಿ ಮಾತ್ರ ಬಂದು ಹಣ್ಣು ತೆಗೆದುಕೊಂಡು ಹೋಗುತ್ತಿತ್ತು. ಮಗಳು ದುರ್ಬೀನು ನನ್ನ ಕೈಗಿಟ್ಟಳು, ಕೇಳದೆಯೇ. ಅಷ್ಟು ಖುಷಿ ನನಗೆ ಬಹಳ ದಿನದಿಂದ ಆಗಿರಲಿಲ್ಲ.

ವಾಪಸ್ ಬರುವಾಗಲೂ ಮೂವರೂ ಮೌನ. ಎರಡನೇ ತಿರುವಿನ ಹತ್ತಿರ ಗಂಡ ಕೈ ಅಡ್ಡ ಹಿಡಿದರು. ದಾರಿಯ ಮಧ್ಯೆ ಲದ್ದಿ. ಹೋಗುವಾಗ ಇರಲಿಲ್ಲ. ಇನ್ನೂ ಹಬೆಯಾಡುತ್ತಿತ್ತು. ತಿರುವಿನ ಆಚೆ, ಎಲ್ಲೋ ತೀರಾ ಹತ್ತಿರದಲ್ಲಿ, ಕಾಫಿ ಗಿಡ ಮುರಿಯುವ ಸದ್ದು.

ಮಗಳ ಮುಖ ನೋಡಿದೆ. ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದಳಲ್ಲ, ಅದೇ ಮುಖ. ಆಯಿತು, ಇಷ್ಟು ದಿನದ್ದೆಲ್ಲ ನೀರಿನಲ್ಲಿ ಹೋಮ ಎಂದುಕೊಂಡೆ.

‘ಅಮ್ಮ, ಕೂಗು’ ಎಂದಳು ಪಿಸುಮಾತಿನಲ್ಲಿ.

ಬಾಯಿ ತೆರೆದೆ. ಜೀವಮಾನವಿಡೀ ಮುಚ್ಚದ ಈ ಬಾಯಿಂದ ಬರೀ ಗಾಳಿಯೂ ಬರಲಿಲ್ಲ. ಗಂಡ ನಮ್ಮನ್ನು ಹಿಂದಕ್ಕೆ ಸರಿಸುತ್ತಿದ್ದರು. ಅಷ್ಟರಲ್ಲಿ ನನ್ನ ಪಕ್ಕದಿಂದಲೇ ‘ಹೋಯ್’ ಎಂದು ಕೂಗು ಎದ್ದಿತು. ನನ್ನದೇ ಎಳೆತ, ನನ್ನದೇ ಜೋರು. ಕೆಳಗಿನ ತೋಟದ ನಾಯಿ ಬೊಗಳಿತು. ಗಿಡ ಮುರಿಯುವ ಸದ್ದು ನಿಂತಿತು, ಸ್ವಲ್ಪ ಹೊತ್ತಿಗೆ ಇನ್ನೂ ದೂರದಲ್ಲಿ ಕೇಳಿತು, ಆಮೇಲೆ ಕೇಳಲಿಲ್ಲ. ಬಹಳ ಹೊತ್ತು ಕಾದು ಮನೆಗೆ ಬಂದೆವು.

ಆ ವಾರವೆಲ್ಲ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅವಳು ಕಿಟಕಿ ಹತ್ತಿರ ಹೋದರೆ ಸಾಕು, ಏನಾದರೂ ಕೆಲಸ ಹೇಳಿ ಕರೆಯುತ್ತಿದ್ದೆ. ಭಾನುವಾರ ಅವಳನ್ನು ಎಬ್ಬಿಸಲು ಧೈರ್ಯವಾಗದೆ ಒಲೆ ಮುಂದೆ ನಿಂತಿದ್ದೆ. ತಿರುಗಿದರೆ, ಅವಳು ಆಗಲೇ ಬಾಗಿಲಲ್ಲಿ ಕೂತು ಶೂ ಲೇಸು ಕಟ್ಟುತ್ತಿದ್ದಳು.

‘ತಿರುವಲ್ಲೆಲ್ಲ ಕೂಗಮ್ಮ’ ಎಂದಳು, ತಲೆ ಎತ್ತದೆ. ‘ಮರದ್ ಹತ್ರ ಮಾತ್ರ ಬಾಯ್ ಮುಚ್ಕೊಂಡಿರು.’

ನಾನು ಗಂಟಲು ಸರಿಮಾಡಿಕೊಂಡೆ.