ಅಂಕೋಲೆಗೆ ಮುಟ್ಟದ ಬೆಳಕು

ಕೂದಲಿನಷ್ಟು ತೆಳುವಾದ ಒಂದು ಗಾಜಿನ ಎಳೆ. ಅದರೊಳಗೆ ಒಂದಕ್ಕೊಂದು ತಾಗದೆ ಓಡುವ ಹಲವು ಬಣ್ಣದ ಬೆಳಕು. ಒಂದೊಂದು ಬಣ್ಣದ ಬೆನ್ನ ಮೇಲೂ ಬೇರೆ ಬೇರೆ ಜನರ ಮಾತು, ವಿಡಿಯೋ, ಬ್ಯಾಂಕಿನ ವ್ಯವಹಾರ. ಕಣ್ಣಿಗೆ ಕಾಣದ ಬಣ್ಣಗಳು ಅವು. ಕಾರವಾರದಿಂದ ಅಂಕೋಲೆಗೆ ಅಂಥದೊಂದು ಲೈನು ಶುರು ಮಾಡುವ ಕೆಲಸ ನನಗೆ ಬಂದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನನ್ನದೇ ಅಂತ ಸಿಕ್ಕ ಮೊದಲ ಲೈನು. ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಅಂಕೋಲೆ ಪೇಟೆಯಲ್ಲಿ ಮೀನು ಮಾರುವ ನನ್ನ ಹೆತ್ತ ಆಯಿಗಂತೂ ಫೋನಿನಲ್ಲೇ ತಲೆ ತಿಂದಿದ್ದೆ.

ಸಾಹೇಬರ ಮಾತು ಮಾತ್ರ ಖಡಕ್ಕಾಗಿತ್ತು. ಶುರು ಮಾಡುವ ದಿನ ಮಧ್ಯಾಹ್ನದೊಳಗೆ ಬೆಳಕು ಮುಟ್ಟದಿದ್ದರೆ ಹುಬ್ಬಳ್ಳಿಯ ತಂಡ ಬಂದು ಲೈನನ್ನು ತಾನೇ ವಹಿಸಿಕೊಳ್ಳುತ್ತದೆ.

ಆ ಬೆಳಿಗ್ಗೆ ಕಾರವಾರದ ತುದಿಯಲ್ಲಿ ನಾನು, ಅಂಕೋಲೆಯ ತುದಿಯಲ್ಲಿ ನನ್ನ ಜೊತೆ ಕೆಲಸ ಮಾಡುವವನು. ಬೆಳಕು ಬಿಟ್ಟೆ. ಅತ್ತ ಒಂದು ಬಣ್ಣವೂ ಇಲ್ಲ. ಮತ್ತೆ ಬಿಟ್ಟೆ, ಊಹೂಂ. ಹಟ್ಟಿಕೇರಿ ಬಳಿ ರಸ್ತೆ ಅಗೆಯುವವರು ಎಳೆ ಕಡಿದೇಬಿಟ್ಟರೆಂದು ಅವರ ಏಳು ತಲೆಮಾರನ್ನೂ ಜಾಲಾಡಿದೆ. ಅಳತೆಯ ಯಂತ್ರ ಹಾಕಿ ನೋಡಿದರೆ ದಾರಿಯುದ್ದಕ್ಕೂ ಎಳೆ ಗಟ್ಟಿಯಾಗಿದೆ. ತಡೆ ಇರುವುದು ಅಂಕೋಲೆಯ ಕೋಣೆಯಲ್ಲೇ. ಎಳೆಯ ತುದಿ ಒರೆಸಿ ಯಂತ್ರಕ್ಕೆ ಚುಚ್ಚಿದೆಯಾ ಎಂದು ಫೋನಿನಲ್ಲಿ ಕೇಳಿದೆ. ಒಂದು ಕಣ ಧೂಳು ಕೂತರೂ ಬೆಳಕು ಕೆಡುತ್ತದೆಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಅವನು ದನಿ ತಗ್ಗಿಸಿ ಹೇಳಿದ.

“ಒರ್ಸೂಕೆ ಧೈರ್ಯ ಬರ್ಲಿಲ್ಲ ಮೇಡಂ. ನಿಮ್ಮ ಆಯಿ ಬಂದು ಕುಂಕುಮ ಹಚ್ಚಿದ್ರು.”

ನಮ್ಮ ಕೇರಿಯಲ್ಲಿ ಹೊಸ ದೋಣಿ ನೀರಿಗಿಳಿಯುವ ಮೊದಲು ಮನೆಯ ಹಿರಿಯ ಹೆಂಗಸು ಅದರ ಮೂತಿಗೆ ಕುಂಕುಮ ಹಚ್ಚಬೇಕು. ಆಯಿ ಮೀನಿನ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ, ತೆಂಗಿನಕಾಯಿ ಹಿಡಿದು ಆಫೀಸಿಗೆ ಹೋಗಿ, ಈ ಲೈನಿಗೆ ಮೂತಿ ಯಾವುದು ಎಂದು ಕೇಳಿದ್ದಾಳೆ. ಪುಣ್ಯಾತ್ಮ ಮುಚ್ಚಳ ತೆಗೆದ ತುದಿಯನ್ನೇ ತೋರಿಸಿದ್ದಾನೆ. ಹಚ್ಚಿದ ಕುಂಕುಮವನ್ನು ಹಚ್ಚಿದವಳ ಎದುರೇ ಒರೆಸುವುದುಂಟೇ? ಹಾಗೇ ಚುಚ್ಚಿಬಿಟ್ಟಿದ್ದಾನೆ.

ನಗು ತಡೆಯಲಾಗದೆ ಕುರ್ಚಿ ಹಿಡಿದೆ. ಗಡಿಯಾರ ನೋಡಿದೆ, ಅಳುವೂ ಬಂತು. ಅಲ್ಲೇ ಕೂತಿದ್ದ ಆಯಿಗೆ ಫೋನು ಕೊಡಿಸಿ, ಬೆಳಕು ನಿನ್ನ ಕುಂಕುಮದ ಹಿಂದೆ ಸಿಕ್ಕಿಬಿದ್ದಿದೆ ಎಂದೆ. ಅವಳೇನೂ ನಾಚಲಿಲ್ಲ. ತುದಿ ಬಿಚ್ಚಿಸಿ, ಕುಂಕುಮವನ್ನು ತನ್ನ ಬೆರಳಿಗೇ ತೆಗೆದುಕೊಂಡು ಯಂತ್ರದ ಪೆಟ್ಟಿಗೆಗೆ ಹಚ್ಚಿದಳಂತೆ. ಆಮೇಲೆ ಅವನು ತುದಿಯನ್ನೂ ಅದು ಕೂರುವ ತೂತನ್ನೂ ಸ್ಪಿರಿಟ್ ಹಾಕಿ ಒರೆಸಿದ.

ಬೆಳಕು ಬಿಟ್ಟೆ. ಪರದೆಯ ಮೇಲೆ ಒಂದರ ಹಿಂದೊಂದು ಗೆರೆ ಎದ್ದಿತು, ಎಲ್ಲ ಬಣ್ಣಗಳೂ ಅಂಕೋಲೆ ಮುಟ್ಟಿದ್ದವು. ನಾನು ಕುಣಿದೇಬಿಟ್ಟೆ. ಹುಬ್ಬಳ್ಳಿಯವರು ಬರುವುದು ಬೇಡವೆಂದು ಸಾಹೇಬರಿಗೆ ತಿಳಿಸಿ, ಆ ಉಮೇದಿನಲ್ಲೇ ಆಯಿಯನ್ನು ಗದರಿದೆ. ಇದೇನು ನನ್ನ ಅಣ್ಣಂದಿರ ದೋಣಿಯೇ, ಕಂಡಲ್ಲಿ ಕುಂಕುಮ ಹಚ್ಚಲಿಕ್ಕೆ?

“ಅವ್ರ ದೋಣಿಗೆಲ್ಲ ಹಚ್ಚಿದವ್ಳು, ನಿಂದಕ್ಕೆ ಹಚ್ಚದೇ ಬಿಡೂಕಾಗ್ತದಾ?” ಎಂದಳು ಆಯಿ.